ಮಾವನ ಕಾರ್ಡು, ನನ್ನ ಕಿರುಬೆರಳು

ನನ್ನ ಸೋದರಮಾವನಿಗೆ ಮನುಷ್ಯರ ಮುಖ ಕಂಡರೆ ಆಗುತ್ತಿರಲಿಲ್ಲ. ಇದರಲ್ಲೇನು ವಿಶೇಷ, ನಮಗೂ ಎಷ್ಟೋ ಜನರ ಮುಖ ಕಂಡರೆ ಆಗುವುದಿಲ್ಲ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಅವನ ಕಸುಬು ಫೋಟೋ ತೆಗೆಯುವುದು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಮದುವೆಯವರ ಮುಖಗಳನ್ನು ಹೊಟ್ಟೆಪಾಡಿಗಾಗಿ ಹಲ್ಲು ಕಚ್ಚಿಕೊಂಡು ತೆಗೆಯುತ್ತಿದ್ದ. ಅವನ ಜೀವವೆಲ್ಲ ಇದ್ದದ್ದು ಗ್ರೀಟಿಂಗ್ ಕಾರ್ಡುಗಳಲ್ಲಿ. ದಪ್ಪ ಕಾಗದವನ್ನು ಎರಡಾಗಿ ಮಡಚಿ, ಮೇಲೆ ತಾನು ತೆಗೆದ ಕಪ್ಪು-ಬಿಳುಪು ಫೋಟೋ ಅಂಟಿಸಿ, ಒಳಗೆ ಒಂದಕ್ಷರವೂ ಇಲ್ಲದೆ ಮಾರುತ್ತಿದ್ದ. ಗಿಲ್ಲೆಸುಗೂರಿನಿಂದ ಬಂದ ಗಿರಾಕಿಯೊಬ್ಬ ಕಾರ್ಡನ್ನು ಬಿಚ್ಚಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ.

“ಒಳಗ ಏನೂ ಬರದಿಲ್ಲಲ್ರೀ?”

“ನಿಮ್ಮ ಮನಸಿನಾಗ ಏನದ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನೀವ ಬರ್ಕೋರಿ.”

“ಬರಿಯಾವ ನಾನ, ಕಳಸಾವ ನಾನ. ಮತ್ತ ನೀವೇನ್ ಮಾಡ್ತೀರಿ?”

ಚಿತ್ರಗಳಲ್ಲೂ ಮುಖವಿರುತ್ತಿರಲಿಲ್ಲ. ಬರೀ ಕೈ. ಚಿಲಕ ತೆಗೆಯುವ ಕೈ, ರೊಟ್ಟಿ ಮುರಿಯುವ ಕೈ, ಕರುವಿನ ಕಿವಿ ತುರಿಸುವ ಕೈ. “ಲೇ, ಮಾರಿ ಹಾಕಿದ್ರ ಕಾರ್ಡು ಆ ಮಾರಿಯವಂದಾಗ್ತದ. ಬರೇ ಕೈ ಇದ್ರ ಕಳಸಾವಂದಾಗ್ತದ” ಎಂಬುದು ಅವನ ಸಿದ್ಧಾಂತ.

ಆ ಕೈಗಳೆಲ್ಲ ನನ್ನವು. ನಾನು ಮಾವನ ಸ್ಟುಡಿಯೋಕ್ಕೆ ಬಂದು ಬಿದ್ದದ್ದು ಡಿಗ್ರಿಯಲ್ಲಿ ಮೂರನೇ ಸಲ ಫೇಲಾದ ಮೇಲೆ. ಮೊದಲೆರಡು ಸಲ ಇಂಗ್ಲಿಷಿನಲ್ಲಿ, ಮೂರನೇ ಸಲ, ಬೇಸರವಾಗದಿರಲೆಂದು, ಲೆಕ್ಕದಲ್ಲಿ. ಮಾನ್ವಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಅಪ್ಪ ಇಷ್ಟೇ ಹೇಳಿದ: “ಪಾಸಾಗೂತನಕ ನನಗ ಮಾರಿ ತೋರಸಬ್ಯಾಡ.”

ಹುಟ್ಟಿದಾಗಿನಿಂದ ಅಪ್ಪನ ಒಂದು ಮಾತೂ ಕೇಳದ ನಾನು ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ಮನೆಯ ನೆನಪಾಗಲಿಲ್ಲವೆಂದಲ್ಲ. ಎಷ್ಟೋ ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಮಾನ್ವಿ ಬಸ್ಸು ಹೊರಡುವುದನ್ನು ನಿಂತು ನೋಡಿ, ಮಿರ್ಚಿ ಭಜಿ ತಿಂದು ವಾಪಸು ಬಂದಿದ್ದೇನೆ. ಆ ವರ್ಷ ನನ್ನ ತೂಕ ಹೆಚ್ಚಾದದ್ದು ಹೀಗೆ.

ಕೈಯಾಗುವುದು ಸುಲಭವೆಂದುಕೊಂಡಿರಾ? ಒಮ್ಮೆ ಮಾವ ಗೂಗಲ್ ಎಂಬ ಹೊಳೆದಂಡೆಯ ಊರಿಗೆ ಕರೆದುಕೊಂಡು ಹೋಗಿ, ಕೃಷ್ಣೆಯಲ್ಲಿ ಮೊಣಕಾಲುದ್ದ ನಿಲ್ಲಿಸಿ, ಬೊಗಸೆಯಲ್ಲಿ ನೀರು ಹಿಡಿಸಿದ. ಆ ನೀರಿನಲ್ಲಿ ಸೂರ್ಯ ಕಾಣಬೇಕಂತೆ. ಸೂರ್ಯ ಬಂದರೆ ನೀರು ಸೋರುತ್ತಿತ್ತು, ನೀರು ನಿಂತರೆ ನನಗೆ ಸೀನು ಬರುತ್ತಿತ್ತು. ಕೊನೆಗೆ ಎರಡೂ ಕೂಡಿ ಬಂದ ಗಳಿಗೆಯಲ್ಲಿ ಎಮ್ಮೆಯೊಂದು ಪಕ್ಕದಿಂದ ಮೂತಿ ಚಾಚಿ ನನ್ನ ಬೊಗಸೆಯ ಸೂರ್ಯನನ್ನು ಕುಡಿದುಬಿಟ್ಟಿತು. ಮಾವ ಗುಂಡಿ ಒತ್ತಿದ್ದು ಆಗಲೇ. ಮುಖವೇ ಬೇಡವೆಂದವನಿಗೆ ಕಾರ್ಡಿನ ತುಂಬ ಎಮ್ಮೆಯ ಮುಖ. ದೇವದುರ್ಗದ ಸಂತೆಯಲ್ಲಿ ಅದೊಂದೇ ಕಾರ್ಡು ಕೈಗೆ ಸಿಗದಂತೆ ಖರ್ಚಾಯಿತು. ಆ ಅವಮಾನಕ್ಕೆ ಮಾವ ಎರಡು ಹೊತ್ತು ಊಟ ಬಿಟ್ಟ.

ನನ್ನದೊಂದೇ ತಕರಾರು ಇತ್ತು. ನನ್ನ ಎಡಗೈ ಕಿರುಬೆರಳು ಸೊಟ್ಟ. ನಾಲ್ಕು ವರ್ಷದವನಿದ್ದಾಗ ಅಪ್ಪ ನೋಡದೆ ಟ್ರಂಕಿನ ಮುಚ್ಚಳ ಹಾಕಿದ್ದ, ನನ್ನ ಬೆರಳು ಒಳಗಿತ್ತು. ಮಾವ ಸಣ್ಣ ಕುಂಚ ಹಿಡಿದು ಮದುಮಗಳ ಮುಖದ ಮೈಲಿ ಕಲೆ ಅಳಿಸುತ್ತಿದ್ದ, ಮದುಮಗನ ಬೋಳು ತಲೆಯ ಮೇಲೆ ಕ್ರಾಪು ಬೆಳೆಸುತ್ತಿದ್ದ. ನನ್ನ ಒಂದು ಬೆರಳು ನೆಟ್ಟಗೆ ಮಾಡಲು ಮಾತ್ರ ಒಪ್ಪುತ್ತಿರಲಿಲ್ಲ.

“ಮಾವಾ, ಎಲ್ಲಾ ಕಾರ್ಡಿನಾಗೂ ಎಡಗೈನ ಯಾಕ? ಬಲಗೈ ಏನ್ ಪಾಪ ಮಾಡ್ಯಾದ?”

“ಸುಮ್ನ ಹಿಡಿ ಲೇ. ಕೈ ನಿಂದಿದ್ರೂ ಕಸುಬು ನಂದು.”

ಇನ್ನೊಂದು ಹುಚ್ಚು ಕೇಳಿ. ಹೊಸ ಕಾರ್ಡು ತಯಾರಾದಾಗಲೆಲ್ಲ ತಾನೇ ಬಸ್ಸು ಹತ್ತಿ ಮಾನ್ವಿಯ ಪುಸ್ತಕದಂಗಡಿಗೆ ಕೊಟ್ಟು ಬರುತ್ತಿದ್ದ. ಅಲ್ಲಿ ಪ್ರತಿ ಚಿತ್ರದ್ದೂ ಖರ್ಚಾಗುತ್ತಿದ್ದದ್ದು ಒಂದೇ ಒಂದು ಕಾರ್ಡು, ಅದೂ ಒಬ್ಬನೇ ಗಿರಾಕಿಗೆ.

“ಒಬ್ಬ ಗಿರಾಕಿ ಸಲುವಾಗಿ ಅಷ್ಟು ದೂರ ಹೋಗ್ತೀಯಲ್ಲ, ಯಾರಂವ ಹುಚ್ಚ?” ಎಂದೆ.

“ನಿನಗಿಂತ ಸ್ವಲ್ಪ ಜಾಸ್ತಿ ಹುಚ್ಚ” ಎಂದ ಮಾವ.

ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ನಮ್ಮದೇ ಕಾರ್ಡು: ನನ್ನ ಎಡಗೈ, ಬಾಗಿಲಿಗೆ ಬಂದವರಿಗೆ ನೀರಿನ ಚಂಬು ನೀಡುತ್ತಿರುವುದು. ಲಕೋಟೆಯ ಮೇಲೆ ನನ್ನ ಹೆಸರು, ಅಪ್ಪನ ದುಂಡನೆಯ ಅಕ್ಷರದಲ್ಲಿ. ಕಾರ್ಡು ಬಿಚ್ಚಿದೆ. ತಿರುಗಿಸಿದೆ. ಗಿಲ್ಲೆಸುಗೂರಿನವನ ಹಾಗೆ ಬೆಳಕಿಗೂ ಹಿಡಿದೆ.

“ಏನರ ಬರದಾನೇನು?” ಎಂದ ಮಾವ, ಕ್ಯಾಮೆರಾದಿಂದ ತಲೆ ಎತ್ತದೆ.

“ಏನಿಲ್ಲ. ಖಾಲಿ ಅದ.”

“ಮತ್ತೇನ್ ನಿಂತಿ? ಮೂರರ ಬಸ್ಸು ಅದ. ಭಜಿ ಅಂಗಡಿ ಕಡಿ ನೋಡಬ್ಯಾಡ.”

ಮಾನ್ವಿಯಲ್ಲಿ ಅಪ್ಪ ಬಾಗಿಲಿಗೆ ಚಂಬು ತಂದು ಕೊಟ್ಟ. ಪಾಸು-ಫೇಲಿನ ಮಾತಿಲ್ಲ. ಒಳಗೆ ಕರೆದು ಅದೇ ಹಳೆಯ ಟ್ರಂಕು ತೆಗೆದ. ಚಿಲಕ, ರೊಟ್ಟಿ, ಕರು, ಎಮ್ಮೆ ಕುಡಿದ ಬೊಗಸೆ, ಎಲ್ಲ ಕಾರ್ಡುಗಳೂ ಅವನ ಧೋತರದ ಮಡಿಕೆಯೊಳಗೆ ಸಾಲಾಗಿದ್ದವು. ಎಲ್ಲದರಲ್ಲೂ ಕಿರುಬೆರಳು ಸೊಟ್ಟಗೇ ಇತ್ತು. ಅದನ್ನು ನೆಟ್ಟಗೆ ಮಾಡದ ಮಾವನಿಗೆ ಅಲ್ಲಿಂದಲೇ ಮನಸ್ಸಿನಲ್ಲಿ ಕೈಮುಗಿದೆ.

ಟ್ರಂಕಿನ ಅಂಚು ಹಿಡಿದು ಇನ್ನೂ ನೋಡುತ್ತಿದ್ದೆ. ಅಪ್ಪ ಮುಚ್ಚಳ ಹಿಡಿದುಕೊಂಡೇ ನಿಂತಿದ್ದ, ಹಾಕಲಿಲ್ಲ.

“ಕೈ ತಗಿಯಪ್ಪಾ” ಎಂದ.