ಮೇಲಿನ ಮನೆಯ ಸಲಾಡ್

ಫ್ಯಾನಣ್ಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ತುಂಡು ಕೋಳಿಯಿಂದ. ಅದೂ ಅವನು ತಿಂದ ಕೋಳಿಯಲ್ಲ, ಅವನ ಹೆಂಡತಿ ತಿಂದು ಬಂದ ಕೋಳಿ.

ಬೀದಿಯ ತುದಿಯಲ್ಲಿ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದರಿಂದ ಅವನಿಗೆ ಆ ಹೆಸರು. ಅವನಿದ್ದ ಕಟ್ಟಡದಲ್ಲಿ, ಅವನ ತಲೆಯ ಮೇಲಿನ ಮನೆಯಲ್ಲಿ ಹಲ್ಲಿನ ಡಾಕ್ಟರು. ಈ ಡಾಕ್ಟರು ಪ್ರತಿ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ತವರುಮನೆಗೆ ಕಳಿಸಿ, ತಾವೇ ಏಪ್ರನ್ ಕಟ್ಟಿಕೊಂಡು, ಗ್ರಿಲ್ ಮಾಡಿದ ಕೋಳಿಯ ಬಿಸಿಬಿಸಿ ಸಲಾಡ್ ತಯಾರಿಸಿ, ಮಧ್ಯಾಹ್ನ ಆಕೆ ವಾಪಸು ಬರುವ ಹೊತ್ತಿಗೆ ಮೇಜಿನ ಮೇಲೆ ಇಟ್ಟಿರುತ್ತಿದ್ದರು. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದ ವಾಸನೆ ಮೆಟ್ಟಿಲಿಳಿದು ಬಂದು ಫ್ಯಾನಣ್ಣನ ಮನೆಯೊಳಗೆ ಹೇಳದೆ ಕೇಳದೆ ನುಗ್ಗುತ್ತಿತ್ತು. ಡಾಕ್ಟರ ಹೆಂಡತಿ ಒಳ್ಳೆಯವಳು. ಆಗಾಗ ಫ್ಯಾನಣ್ಣನ ಹೆಂಡತಿಯನ್ನು ಮೇಲೆ ಕರೆದು ಒಂದು ತಟ್ಟೆ ಕೊಡುತ್ತಿದ್ದಳು. ತೊಂದರೆ ಶುರುವಾದದ್ದೇ ಅಲ್ಲಿ.

"ಏನು ಕೈರುಚಿ ರೀ ಅದು!" ಎಂದು ಹೆಂಡತಿ ಕೆಳಗಿಳಿದು ಬಂದು ಹೇಳುವಳು. "ಕೋಳಿ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಅದರ ಬಿಸಿಗೆ ಎಲೆ ಒಂಚೂರೇ ಒಂಚೂರು ಬಾಡಿರುತ್ತೆ, ಪೂರ್ತಿ ಅಲ್ಲ. ನಿಂಬೆರಸ ಕೊನೇಲಿ. ಅದೆಲ್ಲ ಎಲ್ಲರಿಗೂ ಬರೋದಿಲ್ಲ ಬಿಡಿ."

ಆ 'ಬಿಡಿ' ಎನ್ನುವುದು ಫ್ಯಾನಣ್ಣನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮದುವೆಯಾದಾಗಿನಿಂದ ಅವಳು ಅವನ ಒಂದು ಕೆಲಸವನ್ನೂ ಹೊಗಳಿದವಳಲ್ಲ. ಮೊನ್ನೆ ಮೊನ್ನೆ ಅವಳ ಮಿಕ್ಸಿಯನ್ನು ಬಿಚ್ಚಿ, ಒರೆಸಿ, ಮೋಟಾರಿಗೆ ಹೊಸ ಕಾರ್ಬನ್ ಬ್ರಷ್ ಹಾಕಿ ಕೊಟ್ಟರೆ, "ಮೊದಲಿಗಿಂತ ಸದ್ದು ಜಾಸ್ತಿಯಾಗಿದೆ" ಎಂದಿದ್ದಳು. ಅಂಥವಳು ಊರವರ ಹಲ್ಲು ಕೀಳುವವನ ಕೈಯನ್ನು ಹೊಗಳುವುದೆಂದರೆ! ರಾತ್ರಿ ಮಲಗಿದರೆ ನಿದ್ದೆಯಲ್ಲೂ ಅವನು ಕಟಕಟ ಹಲ್ಲು ಕಡಿಯುತ್ತಿದ್ದ. ಹಲ್ಲು ಸವೆದರೆ ಅದೇ ಡಾಕ್ಟರ ಹತ್ತಿರ ಹೋಗಬೇಕಲ್ಲ ಎಂಬುದು ನೆನಪಾಗಿ ಇನ್ನಷ್ಟು ಕಡಿಯುತ್ತಿದ್ದ.

ಆ ಭಾನುವಾರ ಕಟ್ಟಡದವರೆಲ್ಲ ತಾರಸಿಯಲ್ಲಿ ಒಟ್ಟಿಗೆ ಊಟ ಮಾಡುವುದೆಂದಾಗಿತ್ತು. ಮನೆಗೊಂದು ಅಡುಗೆ. ಬೆಳಿಗ್ಗೆ ಹೆಂಡತಿ ಚೀಲ ಹೆಗಲಿಗೇರಿಸಿ ಹೊಲಿಗೆ ಕ್ಲಾಸಿಗೆ ಹೊರಟಾಗ ಫ್ಯಾನಣ್ಣ ಎದೆ ಸೆಟೆಸಿ ಹೇಳಿದ, "ನಮ್ಮ ಮನೆ ಅಡುಗೆ ಇವತ್ತು ನಾನೇ ಮಾಡ್ತೀನಿ. ಗ್ರಿಲ್ ಚಿಕನ್ ಸಲಾಡ್."

ಅವಳು ಬಾಗಿಲಲ್ಲೇ ನಿಂತಳು. "ನೀವಾ?"

"ಯಾಕೆ? ಡಾಕ್ಟ್ರಿಗೇನು ಎರಡು ಕೈ ಜಾಸ್ತಿ ಇದೆಯಾ?"

"ಮಾಡಿ ಮಾಡಿ. ನಾನು ಸೀದಾ ತಾರಸಿಗೇ ಬರ್ತೀನಿ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೋದಳು. ವರ್ಷದಿಂದ ಪ್ರತಿ ಭಾನುವಾರ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದರೂ ಅವನ ಅಂಗಿಗೆ ಒಂದು ಗುಂಡಿ ಹಾಕಿಕೊಡದ ಹೆಂಗಸು ತನ್ನ ಕೆಲಸಕ್ಕೆ ನಗುತ್ತಾಳಲ್ಲ ಎಂದು ಫ್ಯಾನಣ್ಣನಿಗೆ ಮೈಯೆಲ್ಲ ಉರಿಯಿತು.

ಕೋಳಿ ತಂದಾಯಿತು, ಲೆಟಿಸ್ ಸೊಪ್ಪು ತಂದಾಯಿತು, ಬಾಲ್ಕನಿಯಲ್ಲಿ ಇದ್ದಿಲ ಒಲೆ ಹಚ್ಚಿಯೂ ಆಯಿತು. ಆಮೇಲೆ ನೋಡಿದರೆ ಕೋಳಿ ಇಟ್ಟು ಸುಡಲು ಜಾಲರಿಯಿಲ್ಲ. ಬೇರೆಯವನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ಇವನು ಕಸುಬುದಾರ. ಅಂಗಡಿಗೆ ಓಡಿಹೋಗಿ ಹಳೇ ಟೇಬಲ್ ಫ್ಯಾನಿನ ಮುಂದಿನ ದುಂಡನೆಯ ಜಾಲರಿಯನ್ನು ಬಿಚ್ಚಿಕೊಂಡು ಬಂದ. ಅಳತೆ ಮಾಡಿಸಿದ ಹಾಗೆ ಒಲೆಯ ಮೇಲೆ ಕೂತಿತು. ಇದ್ದಿಲು ಕೆಂಪಗಾಗಲಿ ಎಂದು ಇನ್ನೊಂದು ಫ್ಯಾನನ್ನು ಎದುರಿಗಿಟ್ಟು ಜೋರಾಗಿ ಬಿಟ್ಟ.

ಪಕ್ಕದ ಬಾಲ್ಕನಿಯಿಂದ ನಿವೃತ್ತ ಮೇಷ್ಟ್ರ ತಲೆ ಹೊರಗೆ ಬಂತು. ಕಟ್ಟಡದಲ್ಲಿ ಯಾರ ಮನೆಯ ಒಗ್ಗರಣೆ ಸಿಡಿದರೂ ಅವರ ಮೂಗು ಅಲ್ಲಿರುತ್ತಿತ್ತು.

"ಏನಯ್ಯಾ, ಫ್ಯಾನನ್ನ ಬೇಯಿಸ್ತಿದೀಯಾ?"

"ಸಲಾಡ್ ಸರ್."

"ಅದಕ್ಕೆ ಬಣ್ಣ ಬಳಿದಿದೆಯಲ್ಲಯ್ಯಾ."

"ಇದು ಗಟ್ಟಿ ಬಣ್ಣ ಸರ್, ಎಷ್ಟು ವರ್ಷವಾದ್ರೂ ಹೋಗಲ್ಲ."

ಎಷ್ಟು ವರ್ಷವಾದರೂ ಹೋಗದ ಬಣ್ಣ ಚಿಟಿಕೆ ಹೊಡೆಯುವಷ್ಟರಲ್ಲಿ ಹೋಯಿತು. ಹಸಿರು ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಕರಗಿ, ಕೋಳಿಗೆ ಮೆತ್ತಿಕೊಂಡಿತು. ಕಪ್ಪು ಹೊಗೆ ಎದ್ದಿತು. ಫ್ಯಾನು ಆ ಹೊಗೆಯನ್ನೂ ಬೂದಿಯನ್ನೂ ಲೆಟಿಸ್ ಎಲೆಗಳನ್ನೂ ಒಟ್ಟಿಗೆ ಎತ್ತಿ, ಕೆಳಗಿನ ಮನೆಯ ಅಜ್ಜಿ ಒಣಗಹಾಕಿದ್ದ ಬಿಳಿ ಸೀರೆಯ ಮೇಲೆ ಚೆಲ್ಲಿತು.

"ಯಾವನಯ್ಯಾ ಮೇಲೆ ಟಯರ್ ಸುಡ್ತಿರೋನು?" ಎಂದು ಅಜ್ಜಿ ಅಂಗಳದಿಂದ ಕೂಗಿದಳು.

"ಸಲಾಡ್ ಅಂತೆ!" ಎಂದು ಮೇಷ್ಟ್ರು ಬಗ್ಗಿ ವರದಿ ಒಪ್ಪಿಸಿದರು.

ಫ್ಯಾನಣ್ಣ ಗಡಿಬಿಡಿಯಲ್ಲಿ ಒಲೆಗೆ ನೀರು ಸುರಿದ. ಒಂದು ತುಂಡನ್ನು ಕತ್ತರಿಸಿ ನೋಡಿದರೆ ಹೊರಗೆ ಹಸಿರು, ಮಧ್ಯದಲ್ಲಿ ಕಪ್ಪು, ಒಳಗೆ ಇನ್ನೂ ಹಸಿ. ತಾರಸಿಯಲ್ಲಿ ಆಗಲೇ ಕುರ್ಚಿ ಎಳೆಯುವ ಸದ್ದು. ಇನ್ನು ಸ್ವಲ್ಪ ಹೊತ್ತಿಗೆ ಹೆಂಡತಿ ಬರುತ್ತಾಳೆ, ಬರಿಗೈಯಲ್ಲಿ ನಿಂತ ಗಂಡನನ್ನು ನೋಡುತ್ತಾಳೆ, ಎಲ್ಲರೆದುರಿಗೆ 'ಬಿಡಿ' ಎನ್ನುತ್ತಾಳೆ. ಅವನಿಗೆ ಅಳು ಬರುವಂತಾಯಿತು.

ಹೊಗೆ ಕಡಿಮೆಯಾಗುತ್ತಲೇ ಮೇಲಿನಿಂದ ಅದೇ ಬೆಣ್ಣೆ, ಅದೇ ಬೆಳ್ಳುಳ್ಳಿಯ ವಾಸನೆ. ಈ ಮನುಷ್ಯ ಏನು ಮಾಡುತ್ತಾನೆಂದು ಕಣ್ಣಾರೆ ನೋಡಿಯೇಬಿಡಬೇಕು ಎಂದುಕೊಂಡು, ನಿಂಬೆಹಣ್ಣು ಕೇಳುವ ನೆಪ ಮಾಡಿಕೊಂಡು ಫ್ಯಾನಣ್ಣ ಮೆಟ್ಟಿಲು ಹತ್ತಿದ.

ಬಾಗಿಲು ಅರೆ ತೆರೆದಿತ್ತು. ಒಳಗೆ ಡಾಕ್ಟರು ಒಂದು ಕಲೆಯೂ ಇಲ್ಲದ ಏಪ್ರನ್ ಕಟ್ಟಿಕೊಂಡು, ಬಾಣಲೆಯಲ್ಲಿ ಬರೀ ಬೆಣ್ಣೆ ಬೆಳ್ಳುಳ್ಳಿ ಹುರಿಯುತ್ತ, ಪೇಪರಿನಿಂದ ಆ ವಾಸನೆಯನ್ನು ಬಾಗಿಲ ಕಡೆಗೆ ಬೀಸುತ್ತಿದ್ದರು. ಬಾಣಲೆಯಲ್ಲಿ ಕೋಳಿಯ ಸುಳಿವೇ ಇಲ್ಲ. ಕೋಳಿ ಮೇಜಿನ ಮೇಲಿತ್ತು, ದೊಡ್ಡದೊಂದು ಸ್ಟೀಲ್ ಡಬ್ಬಿಯಲ್ಲಿ, ಎಲೆ ಗಿಲೆ ಎಲ್ಲ ಸೇರಿ ತಯಾರಾಗಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡಾಕ್ಟರ ಕೈಯಿಂದ ಪೇಪರು ಜಾರಿತು.

"ಫ್ಯಾನಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಹೆಂಡ್ತಿಗೆ ಹೇಳ್ಬೇಡ," ಎಂದರು. "ಬೇಕರಿ ಹಿಂಬಾಗಿಲಲ್ಲಿ ತಗೊಂಡ್ಬರ್ತೀನಿ. ಭಾನುವಾರ ಬೇಕರಿ ರಜಾ ಅಲ್ವಾ, ಯಾರೋ ಒಬ್ಬ ತಾಯಿ ಅಲ್ಲಿ ಬಂದು ಮಾಡಿಟ್ಟು ಹೋಗ್ತಾರಂತೆ. ನಾನು ಮುಖ ಕೂಡ ನೋಡಿಲ್ಲ."

ಫ್ಯಾನಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಈಗಲೇ ತಾರಸಿಗೆ ಹೋಗಿ ಡಂಗುರ ಸಾರೋಣ ಎನಿಸಿತು. ಆದರೆ ಸಾರಿದ ಮೇಲೆ? 'ಸರಿ, ನಿಮ್ಮ ಸಲಾಡ್ ಎಲ್ಲಿ?' ಎಂದು ಹೆಂಡತಿ ಕೇಳುವಳು. ಡಾಕ್ಟರ ಮಾನ ಹೋಗುವುದು ಅವನಿಗೆ ಬೇಕಾಗಿತ್ತು, ನಿಜ. ಅದಕ್ಕಿಂತ ಅವಳ ಬಾಯಲ್ಲಿ ಒಂದು ಒಳ್ಳೆಯ ಮಾತು ಬೇಕಾಗಿತ್ತು.

"ಅರ್ಧ ನನಗೆ ಕೊಡಿ," ಎಂದ. "ನಾನು ಬಾಯಿ ಬಿಡಲ್ಲ."

ತಾರಸಿಯ ಮೇಜಿನ ಮೇಲೆ ಎರಡು ಬಟ್ಟಲು ಅಕ್ಕಪಕ್ಕದಲ್ಲಿ ಕೂತವು. ಹೊಲಿಗೆ ಕ್ಲಾಸಿನಿಂದ ಬಂದ ಹೆಂಡತಿ, ಡಾಕ್ಟರ ಹೆಂಡತಿ, ಅಜ್ಜಿ ಎಲ್ಲರೂ ಸುತ್ತ ನೆರೆದರು. ಮೇಷ್ಟ್ರು ಅಭ್ಯಾಸಬಲದಿಂದ ಅಂಕ ಕೊಡಲು ನಿಂತರು. ಡಾಕ್ಟರ ಬಟ್ಟಲಿನಿಂದ ಒಂದು ಚಮಚ ತಿಂದು ಕಣ್ಣು ಮುಚ್ಚಿದರು. ಫ್ಯಾನಣ್ಣನ ಬಟ್ಟಲಿನಿಂದ ಒಂದು ಚಮಚ ತಿಂದು ಕಣ್ಣು ಬಿಟ್ಟರು.

"ಡಾಕ್ಟ್ರದ್ದು ಫಸ್ಟ್ ಕ್ಲಾಸ್. ಇದು... ಪಾಸ್ ಮಾಡಬಹುದು."

"ಇದರಲ್ಲಿ ಟಯರ್ ವಾಸನೆ," ಎಂದಳು ಅಜ್ಜಿ.

ಫ್ಯಾನಣ್ಣನ ಕಿವಿ ಕೆಂಪಾಯಿತು. ಆದರೂ ತಡೆದುಕೊಂಡ. ಹೆಂಡತಿ ಎರಡೂ ಬಟ್ಟಲಿನಿಂದ ಒಂದೊಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ರೀ, ಇದು ನೀವೇ ಮಾಡಿದ್ದಾ?"

"ಮತ್ತಿನ್ಯಾರು?"

"ಎಲೆಗೆ ಯಾವ ಎಣ್ಣೆ ಹಾಕಿದ್ರಿ?"

ಫ್ಯಾನಣ್ಣನಿಗೆ ಗೊತ್ತಿದ್ದದ್ದು ಮೋಟಾರಿಗೆ ಬಿಡುವ ಎಣ್ಣೆಯೊಂದೇ. "ಅಡುಗೆ ಎಣ್ಣೆ," ಎಂದ.

"ಓಹೋ. ಪರವಾಗಿಲ್ಲ, ತಿನ್ನಬಹುದು. ಆದ್ರೆ ಡಾಕ್ಟ್ರ ಕೈರುಚಿ ಬರಬೇಕು ಅಂದ್ರೆ ಅದೆಲ್ಲ ಎಲ್ಲರಿಗೂ ಆಗೋದಿಲ್ಲ ಬಿಡಿ."

ಒಂದೇ ಡಬ್ಬಿ, ಒಂದೇ ಕೋಳಿ, ಒಂದೇ ಎಲೆ. ಆದರೂ ಡಾಕ್ಟರೇ ಮೇಲು! ಫ್ಯಾನಣ್ಣನ ತಲೆಯೊಳಗೆ ಫ್ಯೂಸ್ ಹಾರಿತು.

"ಯಾವ ಕೈರುಚಿ?" ಎಂದು ಕಿರುಚಿದ. "ಎರಡೂ ಒಂದೇ ಡಬ್ಬಿದು! ಬೇಕರಿ ಹಿಂಬಾಗಿಲಲ್ಲಿ ತಂದಿದ್ದು! ಈ ಮನುಷ್ಯ ಇವತ್ತಿನವರೆಗೂ ಒಂದು ಮೊಟ್ಟೆ ಬೇಯಿಸಿಲ್ಲ!"

ಡಾಕ್ಟರ ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಡಾಕ್ಟರು ನೀರಿನ ಟ್ಯಾಂಕನ್ನು ನೋಡಿದರು. ಮೇಷ್ಟ್ರು ತಾವು ಕೊಟ್ಟ ಅಂಕವನ್ನು ನೆನೆದು ಕೆಮ್ಮಿದರು.

"ಹಾಗಾದ್ರೆ ಇದನ್ನ ಮಾಡಿದ್ಯಾರು?" ಎಂದಳು ಅಜ್ಜಿ, ಎರಡನೆಯ ತುಂಡು ಬಾಯಿಗೆ ಹಾಕಿಕೊಳ್ಳುತ್ತ.

ಫ್ಯಾನಣ್ಣನ ಹೆಂಡತಿ ಹೆಗಲಿನ ಚೀಲವನ್ನು ಕೆಳಗಿಟ್ಟಳು. ಅದರೊಳಗಿಂದ ಹೊರಬಂದದ್ದು ಸೂಜಿಯಲ್ಲ, ದಾರವಲ್ಲ. ಉದ್ದನೆಯ ಇಕ್ಕಳ ಮತ್ತು ಬೆಣ್ಣೆಯ ಕಲೆಯಾದ ಏಪ್ರನ್.

"ನಾನೇ," ಎಂದಳು. "ಬೇಕರಿಯವಳು ನನ್ನ ಸ್ಕೂಲ್ ಗೆಳತಿ. ವರ್ಷದಿಂದ ಅಲ್ಲೇ ಮಾಡ್ತಿದೀನಿ. ಡಬ್ಬಿ ಯಾರಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಮೇಲಿನ ಮನೇಲಿ ಮೊದಲನೇ ಸಲ ತಿಂದಾಗಲೇ ಗೊತ್ತಾಯ್ತು."

"ಎಲಾ ಇವಳಾ!" ಎಂದ ಫ್ಯಾನಣ್ಣ. "ಮತ್ತೆ ಇಷ್ಟು ದಿನ ಡಾಕ್ಟ್ರ ಕೈರುಚಿ, ಡಾಕ್ಟ್ರ ಕೈರುಚಿ ಅಂತ ನನ್ನ ಹೊಟ್ಟೆ ಉರಿಸಿದ್ದು?"

"ಮೊದಲು ನಿಮಗೇ ಅಲ್ವಾ ಮಾಡಿಕೊಟ್ಟಿದ್ದು? 'ಇದೇನೇ ಮೇಕೆ ಮೇವು' ಅಂತ ತಟ್ಟೆ ತಳ್ಳಿ, ಬಿಸ್ಕತ್ತು ತಿಂದು ಮಲಗಿದ್ರಿ. ನನ್ನ ಅಡುಗೇನ ನಮ್ಮನೇಲಿ ಒಬ್ಬರಾದ್ರೂ ಹೊಗಳಬೇಕಲ್ಲ ರೀ. ಅದಕ್ಕೆ ನಾನೇ ಹೊಗಳ್ಕೊಂಡೆ."

ಹೇಳುವಾಗ ಅವಳು ನಗುತ್ತಿದ್ದಳು. ಆದರೆ ಕೊನೆಯ ಮಾತಿಗೆ ದನಿ ಸ್ವಲ್ಪ ತಗ್ಗಿತು. ಫ್ಯಾನಣ್ಣನಿಗೆ ಏನಾದರೂ ಹೇಳಬೇಕೆನಿಸಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಂದೆ ಬಂದು, "ತಾಯೀ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು!" ಎಂದುಬಿಟ್ಟರು. ಹೇಳಬೇಕಾದ ಮಾತನ್ನೂ ಆ ಮನುಷ್ಯನೇ ಮೊದಲು ಹೇಳಿಬಿಟ್ಟ!

ಊಟವಾದ ಮೇಲೆ ಹೆಂಗಸರೇ ಸೇರಿ ತೀರ್ಪು ಕೊಟ್ಟರು. ಸುಳ್ಳು ಹೇಳಿದ ಇಬ್ಬರೂ ಗಂಡಸರು ತಾರಸಿಯ ಅಷ್ಟೂ ಪಾತ್ರೆ ತೊಳೆಯಬೇಕು. ಬಣ್ಣ ಕರಗಿದ ಫ್ಯಾನಿನ ಜಾಲರಿಯೂ ಸೇರಿ. ಇಬ್ಬರೂ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಇದರಲ್ಲಾದರೂ ಗೆಲ್ಲುತ್ತೇನೆ ಎಂದು ಫ್ಯಾನಣ್ಣ ಮೊಣಕೈ ಸೋಲುವ ತನಕ ಬಾಣಲೆ ಉಜ್ಜಿದ, ಓರೆಗಣ್ಣಿನಲ್ಲಿ ಡಾಕ್ಟರನ್ನು ನೋಡಿ ಇನ್ನಷ್ಟು ಉಜ್ಜಿದ. ಡಾಕ್ಟರು ಅವಸರವಿಲ್ಲದೆ ಕಿಸೆಯಿಂದ ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದು, ಜಾಲರಿಯ ಸಂದುಸಂದಿನಲ್ಲೂ ಆಡಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಹಿಂದೆ ನಿಂತಳು. ಬಾಣಲೆಯನ್ನು ನೋಡಿದಳು, ಜಾಲರಿಯನ್ನು ನೋಡಿದಳು. ಫ್ಯಾನಣ್ಣ ಬಾಣಲೆಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದ.

"ರೀ, ಡಾಕ್ಟ್ರು ಎಷ್ಟು ನೀಟಾಗಿ ಉಜ್ಜಿದಾರೆ ನೋಡಿ!" ಎಂದಳು. "ಅದೆಲ್ಲ ಎಲ್ಲರಿಗೂ ಬರೋದಿಲ್ಲ ಬಿಡಿ."