ಸಾರು ಚೆಲ್ಲದಂತೆ ಕಾರಿಗೊಂದು ಸರಳು

ಶುಕ್ರವಾರ ಬೆಳಗ್ಗೆ ಫರ್ವಾನಿಯಾದ ವೃತ್ತವೊಂದರಲ್ಲಿ ಅರ್ಧ ಪಾತ್ರೆ ಬೇಳೆಸಾರು ಅಪಘಾತಕ್ಕೀಡಾಯಿತು. ಗಾಯಾಳು ನಾನೊಬ್ಬನೇ, ಪ್ಯಾಂಟು ಬದುಕಲಿಲ್ಲ. ಎಪ್ಪತ್ತರ ದಶಕದ ಕೊನೆಯ ಕುವೈತಿನಲ್ಲಿ, ಮೇಲಿನ ಮನೆಯಲ್ಲಿ ಮೈಸೂರಿನ ಎಂಜಿನಿಯರ್ ಇದ್ದವರಿಗೆ ಇಂಥವು ಆಗುತ್ತಲೇ ಇದ್ದವು.

೧. ವಿಚಾರಣೆ

ರಜೆಯ ದಿನ ಕನ್ನಡದ ಮನೆಗಳೆಲ್ಲ ಒಂದೆಡೆ ಸೇರಿ ಉಣ್ಣುವುದು ವಾಡಿಕೆ. ಮನೆಗೊಂದು ಅಡುಗೆ, ಸಾರು ಎಂಜಿನಿಯರ್ ಮನೆಯದು. ಹಿಂದಿನ ಸೀಟಿನಲ್ಲಿ ಪಾತ್ರೆ ಹಿಡಿದು ಕೂರುವ ಹುದ್ದೆ ನನ್ನದು. ಅವರ ಹಳೆಯ ಕಾರು ತಿರುವು ಬಂದರೆ ಮೈಮುರಿಯುತ್ತಿತ್ತು. ಸತತ ಎರಡನೇ ವಾರ ಸಾರು ಸಾಲದೆ ಹೋದಾಗ, ಇನ್ನೊಮ್ಮೆ ಹೀಗಾದರೆ ಸಾರನ್ನು ಬೇರೆ ಮನೆಗೆ ವಹಿಸುವುದೆಂದು ತೀರ್ಮಾನವಾಯಿತು. ಎಂಜಿನಿಯರ್ ರಸ್ತೆಯನ್ನು ದೂರಿದರು.

"ರೀ, ಮುಂದಿನ ಸಲ ನಾನು, ಸಾರು ಇಬ್ಬರೂ ಬಸ್ಸಿನಲ್ಲಿ ಹೋಗ್ತೀವಿ" ಎಂದರು ಅವರ ಹೆಂಡತಿ. "ನೀವು ರಸ್ತೆ ರಿಪೇರಿ ಮಾಡಿಸ್ಕೊಂಡು ಬನ್ನಿ."

೨. ಸೇತುವೆ

ಪಕ್ಕದ ಅರ್ದಿಯಾದ ಗ್ಯಾರೇಜಿನ ಮೆಕ್ಯಾನಿಕ್ ಉಡುಪಿ ಕಡೆಯವರು. ಬಾನೆಟ್ಟಿನ ಕೆಳಗೆ, ಮುಂದಿನ ಚಕ್ರಗಳ ಸ್ಪ್ರಿಂಗ್ ಕೂರುವ ಎರಡು ಜಾಗಗಳನ್ನು ಒಂದು ಅಡ್ಡ ಸರಳಿನಿಂದ ಬಿಗಿದರೆ ತಿರುವಿನಲ್ಲಿ ಕಾರಿನ ಚಾಸಿ ತಿರುಚಿಕೊಳ್ಳುವುದಿಲ್ಲ ಎಂದರು. ನಮ್ಮ ಎಂಜಿನಿಯರ್ ಸೇತುವೆ ಕಟ್ಟುವವರು. ಅವರು ಲೆಕ್ಕ ಹಾಕಿ ಮಾಡಿಸಿದ ಸರಳನ್ನು ಇಬ್ಬರು ಹೊತ್ತು ತಂದರು.

"ಇದರ ಮೇಲೆ ರೈಲು ಹೋಗ್ಲಿಕ್ಕುಂಟಾ ಮಾರಾಯ್ರೆ?" ಎಂದು ಮೆಕ್ಯಾನಿಕ್ ಕೇಳಿದರು.

ಅಗತ್ಯ ಬಿದ್ದರೆ ಹೋಗಬಹುದೆಂದು ಎಂಜಿನಿಯರ್ ತಿಳಿಸಿದರು. ಸರಳು ಕೂತ ಮೇಲೆ ಬಾನೆಟ್ ಮುಚ್ಚಿಕೊಳ್ಳಲಿಲ್ಲ.

೩. ಪರೀಕ್ಷೆ

ಎರಡನೆಯದು ತೆಳು ಸರಳು, ತುದಿಯಲ್ಲಿ ಬಿಗಿ ಮಾಡುವ ನಟ್ಟು. ಕಾರನ್ನು ಜಾಕಿನ ಮೇಲೆತ್ತಿ ಎಂಜಿನಿಯರ್ ತಾವೇ ಬಿಗಿದರು. ಇಳಿಸಿದ ಮೇಲೆ ಕಾರು ಬಲಗಡೆ ಬಿಟ್ಟು ಬೇರೆಲ್ಲಿಗೂ ಹೋಗಲೊಪ್ಪಲಿಲ್ಲ. ಚಕ್ರ ಭಾರ ಹೊತ್ತು ನೆಲದ ಮೇಲೆ ನಿಂತಾಗಲೇ ಕೂರಿಸಬೇಕು, ಎಳೆತವೂ ಬೇಡ, ಸಡಿಲವೂ ಬೇಡ ಎನ್ನುತ್ತ ಮೆಕ್ಯಾನಿಕ್ ಎಲ್ಲ ಬಿಚ್ಚಿ ಮತ್ತೆ ಕೂರಿಸಿದರು. ಸಾರಿನ ಪಾತ್ರೆಗೆ ನೀರು ತುಂಬಿ, ನನ್ನ ತೊಡೆಯ ಮೇಲಿಟ್ಟು, ಮೂವರೂ ವೃತ್ತ ಸುತ್ತತೊಡಗಿದೆವು. ಆರನೇ ಸುತ್ತಿಗೆ ಪೊಲೀಸ್ ತಡೆದ. ಪಾತ್ರೆ ನೋಡಿದ, ನೀರು ನೋಡಿದ, ನಮ್ಮ ಮುಖಗಳನ್ನು ನೋಡಿದ. ವಿಮಾನ ನಿಲ್ದಾಣದ ದಾರಿ ತೋರಿಸಿ "ಯಲ್ಲಾ", ಹೊರಡಿ, ಎಂದ.

ನನ್ನ ಪ್ಯಾಂಟು ಮಾತ್ರ ಒಣಗಿಯೇ ಇತ್ತು.

೪. ತೀರ್ಪು

ಶುಕ್ರವಾರ ಬಸ್ಸಿಗೆ ಹೊರಟು ನಿಂತ ಹೆಂಡತಿಯನ್ನು ಎಂಜಿನಿಯರ್ ಒಂದೇ ಒಂದು ವೃತ್ತದ ಮಟ್ಟಿಗೆ ಎಂದು ಒಪ್ಪಿಸಿ ಕೂರಿಸಿಕೊಂಡರು. ಪಾತ್ರೆ ಅಂಚಿನವರೆಗೆ ತುಂಬಿತ್ತು. ವೃತ್ತ ಬಂತು. ಸಾರು ಕದಲಿತು, ಯೋಚಿಸಿತು, ಒಳಗೇ ಉಳಿಯಿತು. ಆಕೆ ಬಸ್ಸಿನ ಮಾತೆತ್ತಲಿಲ್ಲ.

ಊಟಕ್ಕೆ ಸೇರಿದವರಿಗೆಲ್ಲ ಎಂಜಿನಿಯರ್ ಬಾನೆಟ್ ಎತ್ತಿ ಸರಳು ತೋರಿಸಿದರು. ಇನ್ನು ಈ ಕಾರನ್ನು ಯಾರು ಬೇಕಾದರೂ ಓಡಿಸಬಹುದು ಎಂದು ಘೋಷಿಸಿದರು.

"ಹಾಗಾದ್ರೆ ನನಗೆ ಕಲಿಸಿ" ಎಂದರು ಹೆಂಡತಿ.

ಇಪ್ಪತ್ತು ಜನ ಕೇಳಿಸಿಕೊಂಡಿದ್ದರು.

ಆಕೆಗೆ ಮೊದಲ ಪ್ರಯತ್ನದಲ್ಲೇ ಲೈಸೆನ್ಸ್ ಸಿಕ್ಕಿತು. ಸಾರು ಅವರ ಮನೆಯಲ್ಲೇ ಉಳಿಯಿತು. ಪಾತ್ರೆ ಹಿಡಿಯುವ ಹುದ್ದೆ ಎಂಜಿನಿಯರಿಗೆ ಹೋಯಿತು.