ಮಾವನ ಮೀಸೆ ಅಚ್ಚಿಗಿಳಿದದ್ದು

"ಇನ್ನು ಮುಂದೆ ಸ್ಫೂರ್ತಿ ಹುಡುಕ್ಕೊಂಡು ನಾನು ಎಲ್ಲೂ ಹೋಗೋದಿಲ್ಲ. ಅದೇ ನನ್ನ ಮನೆಗೆ ಬರುತ್ತೆ" ಎಂದು ಶಿಲ್ಪಿ ಬೆಳಗಿನ ಕಾಫಿ ಲೋಟವನ್ನು ಮೇಲೆತ್ತಿ ಘೋಷಿಸಿದ.

"ಬರೋವಾಗ ಚಪ್ಪಲಿ ಹೊರಗೆ ಬಿಟ್ಟು ಬರೋಕೆ ಹೇಳಿ. ಈಗಷ್ಟೇ ನೆಲ ಒರೆಸಿದೀನಿ" ಎಂದಳು ಹೆಂಡತಿ.

ಪಾಪ, ಅವಳದ್ದೇನೂ ತಪ್ಪಿಲ್ಲ. ಗಂಡನ ಸ್ಫೂರ್ತಿಯ ಕಾಟ ಅವಳಿಗೆ ಸಾಕಾಗಿತ್ತು. ಮೊದಲು ಹೊಳೆಯ ಗುಂಡುಕಲ್ಲು ಸ್ಫೂರ್ತಿಯಾಗಿ, ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಒಣಮರದ ಬೇರು. ಗೆದ್ದಲೂ ಜೊತೆಗೇ ಬಂತು. ಆಮೇಲೆ ಗುಜರಿ ಕಬ್ಬಿಣ. ಆ ಕಾಲದ ಮಹಾಕೃತಿ 'ಮೌನ' ಹಜಾರದ ಮೂಲೆಯಲ್ಲಿ ಇನ್ನೂ ನಿಂತಿದೆ. ಅತ್ತೆಯ ಜೊತೆ ಮಗಳ ಮನೆಯಲ್ಲಿರಲು ಬಂದ ಮಾವ ಮೊದಲ ದಿನವೇ ಅದಕ್ಕೆ ತಮ್ಮ ಕೊಡೆ, ಟೋಪಿ ನೇತುಹಾಕಿ, "ಗಟ್ಟಿಯಾಗಿದೆ ಕಣಮ್ಮ. ಯಾವ ಅಂಗಡೀಲಿ ತಗೊಂಡ್ರಿ?" ಎಂದು ಕೇಳಿದ್ದರು. ಅಳಿಯ ಅವತ್ತು ಊಟ ಬಿಟ್ಟಿದ್ದ.

ಈಗ ಸಾರಿಗೆ ನೌಕರರ ಸಂಘದವರು ಊರಿನ ಮೊಟ್ಟಮೊದಲ ಬಸ್ ಚಾಲಕನ ಪ್ರತಿಮೆ ಮಾಡಿಕೊಡಿ ಎಂದಿದ್ದರು. ಅವರು ಕೊಟ್ಟ ಹಳೇ ಫೋಟೋದಲ್ಲಿ ಮುಖವೆಲ್ಲ ಮಸುಕು, ಮೀಸೆಯೊಂದೇ ಸ್ಪಷ್ಟ. ಜೇಡಿಮಣ್ಣಿನಲ್ಲಿ ಎಷ್ಟು ಸಲ ತಿದ್ದಿದರೂ ಆ ಮೀಸೆ ಮೂಗಿನ ಕೆಳಗೆ ಮಲಗಿದ ಇಲಿಯ ಹಾಗೇ ಕಾಣುತ್ತಿತ್ತು. ಆದರೆ ಅಂಥದ್ದೇ ಮೀಸೆ ದಿನಾ ಬೆಳಗ್ಗೆ ತನ್ನೆದುರಿಗೇ ಪೇಪರ್ ಓದುತ್ತ ಕೂರುತ್ತದೆಂದು ಶಿಲ್ಪಿಗೆ ಇಂದು ಕಾಫಿ ಕುಡಿಯುವಾಗ ಹೊಳೆಯಿತು.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಮದುವೆಯ ಹೊಸದರಲ್ಲಿ ಬಿಟ್ಟ ಮೀಸೆಯನ್ನು ಅಂದಿನಿಂದ ಕ್ಷೌರಿಕನಿಗೂ ಮುಟ್ಟಗೊಟ್ಟವರಲ್ಲ.

"ಮಾವ, ನಿಮ್ಮ ಮುಖ ಸ್ವಲ್ಪ ಹೊತ್ತು ಬೇಕಿತ್ತು."

"ತಗೊಂಡು ಏನ್ಮಾಡ್ತೀರಿ?"

"ಪ್ಲಾಸ್ಟರ್‌ನಲ್ಲಿ ಅಚ್ಚು ತೆಗೀತೀನಿ. ನಿಮ್ಮ ಮೀಸೆ ಬಸ್ ನಿಲ್ದಾಣದಲ್ಲಿ ಶಾಶ್ವತವಾಗಿ ನಿಲ್ಲುತ್ತೆ."

ಮಾವ ಪೇಪರ್ ಮಡಚಿದರು. "ಮೀಸೆಗೇನಾದ್ರೂ ಆದ್ರೆ?"

"ಒಂದು ಕೂದಲೂ ಕೊಂಕೋದಿಲ್ಲ. ಅದು ನನ್ನ ಜವಾಬ್ದಾರಿ."

ಹೆಂಡತಿ, ಅತ್ತೆ ಮಾರ್ಕೆಟ್ಟಿಗೆ ಹೊರಟ ಕೂಡಲೇ ಕೆಲಸ ಶುರುವಾಯಿತು. ಪ್ಲಾಸ್ಟರ್ ಅಂಟಿಕೊಳ್ಳದಿರಲು ಮುಖಕ್ಕೆ ಎಣ್ಣೆ ಸವರಬೇಕು. ಶಿಲ್ಪಿ ಹಣೆಗೆ ಸವರಿದ, ಕೆನ್ನೆಗೆ ಸವರಿದ, ಮೀಸೆಯ ಹತ್ತಿರ ಬಂದಾಗ ಕೈ ನಿಂತಿತು. ಎಷ್ಟಾದರೂ ಹೆಣ್ಣು ಕೊಟ್ಟ ಮಾವ. ಅವರ ಮೀಸೆಗೆ ಕೈ ಹಾಕುವುದೇ? "ಇಲ್ಲಿಗೆ ಮಾತ್ರ ನೀವೇ ಹಚ್ಕೊಳ್ಳಿ" ಎಂದು ಬಟ್ಟಲು ಕೊಟ್ಟು ಪ್ಲಾಸ್ಟರ್ ಕಲೆಸಲು ಹೋದ. ತಿರುಗಿ ಬಂದಾಗ ಮಾವ ಬೆಂಚಿನ ಮೇಲೆ ಸಿದ್ಧವಾಗಿ ಮಲಗಿದ್ದರು. ಉಸಿರಾಡಲು ಮೂಗಿಗೆ ಎರಡು ಸ್ಟ್ರಾ ಸಿಕ್ಕಿಸಿ, ಪ್ಲಾಸ್ಟರ್ ಬಳಿದದ್ದಾಯಿತು.

ಗಟ್ಟಿಯಾದ ಮೇಲೆ ಮೆಲ್ಲಗೆ ಎಳೆದ. ಹಣೆ ಬಿಟ್ಟಿತು. ಕೆನ್ನೆ ಬಿಟ್ಟಿತು. ಮೀಸೆ ಬಿಡಲಿಲ್ಲ. ಇನ್ನೊಂದು ಸಲ ಎಳೆದಾಗ ಸ್ಟ್ರಾದಿಂದ ಪೀ ಎಂದು ಸೀಟಿ ಕೇಳಿಸಿತು. ನಿವೃತ್ತಿಯಾದರೇನು, ಆ ಸೀಟಿಗೆ ಹಳೆಯ ಗತ್ತೇ ಇತ್ತು. ಶಿಲ್ಪಿ ತನಗರಿವಿಲ್ಲದೆ ಕಾಲು ಜೋಡಿಸಿ ನೆಟ್ಟಗೆ ನಿಂತ.

"ಮಾವ, ಎಣ್ಣೆ ಹಚ್ಕೊಂಡ್ರಿ ತಾನೆ?"

ಮಾವ ಕೈಸನ್ನೆಯಲ್ಲಿ ವಿವರಿಸಿದರು. ಹಚ್ಚಿಕೊಂಡದ್ದು. ಕನ್ನಡಿ ನೋಡಿದ್ದು. ಎಣ್ಣೆಗೆ ಮೀಸೆ ಜೋತುಬಿದ್ದದ್ದು. ಸೋಪು ಹಾಕಿ ತೊಳೆದದ್ದು. ಒರೆಸಿ, ತಿರುವಿ ನಿಲ್ಲಿಸಿದ್ದು.

ಅಷ್ಟರಲ್ಲಿ ಬಾಗಿಲು ತೆರೆಯಿತು.

"ಇದ್ಯಾರ್ರೀ ಮಲಗಿರೋದು?" ಹೆಂಡತಿ ಕೇಳಿದಳು.

"ನಿಮ್ಮಪ್ಪ."

"ಅಪ್ಪನಿಗೆ ಏನ್ಮಾಡಿದ್ರಿ?"

"ಅಮರ ಮಾಡ್ತಿದ್ದೆ."

"ಅವರಿನ್ನೂ ಬದುಕಿದಾರೆ. ಅಷ್ಟೆಲ್ಲ ತೊಂದರೆ ತಗೋಬೇಡಿ."

ಬಿಸಿನೀರು ಹಾಕಿದರು, ಸಂದಿಯಲ್ಲಿ ಎಣ್ಣೆ ಬಿಟ್ಟರು, ಏನೂ ಆಗಲಿಲ್ಲ. ಶಿಲ್ಪಿ ಉಳಿ, ಸುತ್ತಿಗೆ ತಂದ. ಆಗ ಬಂದ ಸೀಟಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಕೊನೆಗೆ ಹೆಂಡತಿ ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದಳು.

"ಅಪ್ಪ, ಬೇರೆ ದಾರಿ ಇಲ್ಲ. ಮೀಸೆನೋ ಅಳಿಯನೋ, ಒಂದನ್ನ ಬಿಡ್ಬೇಕು."

ಮಾವನ ಬೆರಳು ಒಂದಿಷ್ಟೂ ತಡಮಾಡದೆ ಅಳಿಯನ ಕಡೆಗೆ ತೋರಿಸಿತು.

"ಅದು ನಂಗೆ ಬೇಕಪ್ಪ" ಎಂದವಳೇ ಅಚ್ಚಿನ ಸಂದಿಯಲ್ಲಿ ಕತ್ತರಿ ತೂರಿಸಿದಳು. ಕಚಕ್, ಕಚಕ್. ಅಚ್ಚು ಕೈಗೆ ಬಂತು, ಅದರೊಳಗೆ ಮೀಸೆಯೂ.

ಗುಂಡುಕಲ್ಲುಗಳನ್ನು ಕಟ್ಟಿಕೊಂಡು ಮನೆ ಬಿಡುವುದೋ, ಇಲ್ಲೇ ಬಿಟ್ಟು ಹೋಗುವುದೋ ಎಂದು ಶಿಲ್ಪಿ ಯೋಚಿಸತೊಡಗಿದ. ಅಲ್ಲಿಯವರೆಗೆ ಚೀಲ ಹಿಡಿದೇ ನಿಂತಿದ್ದ ಅತ್ತೆ ಹತ್ತಿರ ಬಂದು, ಗಂಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಅವತ್ತು ನಾನು ನೋಡಿ ಒಪ್ಪಿದ್ದು ಈ ಮುಖಾನ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

ಮಾವನ ಬೋಳು ತುಟಿ ಒಮ್ಮೆ ಅದುರಿತು. "ಚೆನ್ನಾಗಿದ್ಯೇನೇ?"

"ಮತ್ತೆ ಮೀಸೆ ಬಿಟ್ರೆ ನೋಡಿ."

ಮಾವ ನಾಚಿಕೊಂಡರು. ಹೌದು, ಡ್ರಿಲ್ ಮೇಷ್ಟ್ರು ನಾಚಿಕೊಂಡರು. ಶಿಲ್ಪಿಗೆ ಹೋದ ಜೀವ ಬಂದಂತಾಗಿ, ಉಳಿದ ಪ್ಲಾಸ್ಟರಿನ ಬೋಗುಣಿಯನ್ನೂ ನೋಡದೆ ಅದರ ಮೇಲೇ ಕುಳಿತುಬಿಟ್ಟ.

ಮುಂದಿನ ವಾರ ಸಂಘದ ಅಧ್ಯಕ್ಷರು ಬಂದರು. ಅಚ್ಚಿನಲ್ಲಿದ್ದ ಮಾವನ ಕೂದಲು ಎರಕಕ್ಕೆ ಹಾಗೇ ಅಂಟಿ ಕೂತು, ಪ್ರತಿಮೆಯ ಮೀಸೆ ಎಳೆಎಳೆಯಾಗಿ ಎದ್ದು ನಿಂತಿತ್ತು. ಅಧ್ಯಕ್ಷರು ಕಣ್ಣರಳಿಸಿ, "ಜೀವಂತವಾಗಿದೆ ಸಾರ್. ಇದೆಲ್ಲ ಹೇಗೆ ಸಾಧ್ಯ ಆಯ್ತು?" ಎಂದು ಕೇಳಿದರು.

ಶಿಲ್ಪಿ ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪೇಪರಿನ ಹಿಂದಿನಿಂದ ಮಾವನ ದನಿ ಬಂತು.

"ಮುಖ ನಂದು, ಮೀಸೆ ನಂದು, ಕತ್ತರಿ ಮಗಳದ್ದು. ಸ್ಫೂರ್ತಿ ಮಾತ್ರ ನಮ್ಮ ಅಳಿಯಂದಿರದ್ದು."